ಚೂರು ಸಿಕ್ಕರೆ ಸಾಕು, ಬಳೆ ಸಿಕ್ಕಂತೆ

ಮಕ್ಕಳೇ, ಹಳೆಯ ಮನೆಯ ಅಂಗಳದಲ್ಲಿ, ಬಚ್ಚಲ ಹಿಂದಿನ ಮಣ್ಣಿನಲ್ಲಿ, ಜಾತ್ರೆ ಮುಗಿದ ಬಯಲಿನಲ್ಲಿ ಹುಡುಕಿದರೆ ಒಂದು ವಸ್ತು ಸಿಕ್ಕೇ ಸಿಗುತ್ತದೆ. ಗಾಜಿನ ಬಳೆಯ ಚೂರು! ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಚಿಕ್ಕವರಿದ್ದಾಗ ಇಂಥ ಚೂರುಗಳನ್ನು ನೆಲಕ್ಕೆ ಚೆಲ್ಲಿ, ಒಂದು ಅಲುಗದ ಹಾಗೆ ಇನ್ನೊಂದನ್ನು ಎತ್ತುವ ಆಟ ಆಡಿರುತ್ತಾರೆ. ಇವತ್ತು ನಾವೂ ಬಳೆಚೂರಿನ ಜೊತೆ ಆಡೋಣ. ನಮ್ಮ ಆಟ ಮಾತ್ರ ಬೇರೆ.

ಇಡೀ ಬಳೆ ನಮ್ಮ ಹತ್ತಿರ ಇಲ್ಲ. ಇರುವುದು ಬೆರಳುದ್ದದ ಒಂದೇ ಚೂರು. ಒಡೆಯುವ ಮೊದಲು ಆ ಬಳೆ ಎಷ್ಟು ದೊಡ್ಡದಿತ್ತು? ಪುಟ್ಟ ಹುಡುಗಿಯ ಕೈಯದೋ, ಅವಳ ಅಮ್ಮನದೋ? ಚೂರನ್ನು ಕೇಳಿದರೆ ಅದು ಹೇಳುತ್ತದೆ. ಕೇಳುವ ಬಗೆ ನಮಗೆ ಗೊತ್ತಿರಬೇಕು, ಅಷ್ಟೆ.

ಗಾಜಿನ ಚೂರು ಕೈ ಕೊಯ್ಯುತ್ತದೆ, ಹಾಗಾಗಿ ಮನೆಯ ದೊಡ್ಡವರು ಪಕ್ಕದಲ್ಲಿರಲಿ. ಚೂರು ಸಿಗದಿದ್ದರೂ ಚಿಂತೆಯಿಲ್ಲ. ಅಕ್ಕನ ಬಳೆಯನ್ನೇ ಕಾಗದದ ಮೇಲಿಟ್ಟು, ಒಳ ಅಂಚಿಗೆ ಪೆನ್ಸಿಲ್ ತಾಗಿಸಿ, ಸ್ವಲ್ಪ ದೂರ ಮಾತ್ರ ಗೆರೆ ಎಳೆಯಿರಿ. ಬಳೆಯನ್ನು ವಾಪಸು ಕೊಟ್ಟುಬಿಡಿ. ಉಳಿದ ಗೆರೆಯೇ ನಿಮ್ಮ ಚೂರು.

ಚೂರಿನ ಹತ್ತಿರ ಹೋಗುವ ಮೊದಲು ಇಡೀ ವೃತ್ತದ ಪರಿಚಯ ಮಾಡಿಕೊಳ್ಳೋಣ. ಜಾಮಿಟ್ರಿ ಬಾಕ್ಸಿನಿಂದ ಕೈವಾರ ತೆಗೆದು ಒಂದು ವೃತ್ತ ಎಳೆಯಿರಿ. ಮುಳ್ಳು ಚುಚ್ಚಿದ ಜಾಗ ಕೇಂದ್ರ. ಪೆನ್ಸಿಲ್ ಒಂದು ಸುತ್ತು ಹಾಕಿ ಬಂತಲ್ಲ, ಆ ಸುತ್ತಿನ ಪೂರ್ತಿ ಉದ್ದವೇ ಪರಿಧಿ. ಕೇಂದ್ರದಿಂದ ಗೆರೆಗೆ ಇರುವ ದೂರ ತ್ರಿಜ್ಯ. ಈ ಅಂಚಿನಿಂದ ಕೇಂದ್ರವನ್ನು ಹಾದು ಆ ಅಂಚಿಗೆ ಇರುವ ದೂರ ವ್ಯಾಸ. ಸುತ್ತಿನ ಒಂದು ತುಂಡನ್ನಷ್ಟೇ ತೆಗೆದುಕೊಂಡರೆ ಅದು ಕಂಸ. ನಮ್ಮ ಬಳೆಚೂರು ಒಂದು ಕಂಸ.

ವೃತ್ತ ಎಳೆಯುವಾಗ ಒಂದು ವಿಷಯ ಗಮನಿಸಿದಿರಾ? ಕೈವಾರದ ಎರಡು ಕಾಲುಗಳ ನಡುವಿನ ಅಂತರ ಒಮ್ಮೆಯೂ ಬದಲಾಗಲಿಲ್ಲ. ಅಂದರೆ ಗೆರೆಯ ಮೇಲಿನ ಪ್ರತಿ ಚುಕ್ಕಿಯೂ ಕೇಂದ್ರದಿಂದ ಒಂದೇ ದೂರದಲ್ಲಿದೆ. ಈ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿರಿ. ಮುಂದೆ ಚೂರಿನ ಬಾಯಿ ಬಿಡಿಸುವುದು ಇದೇ.

ಈಗ ಅಡುಗೆಮನೆಯಿಂದ ಒಂದು ಊಟದ ತಟ್ಟೆ ತನ್ನಿ. ಹೂ ಕಟ್ಟುವ ದಾರವನ್ನು ಅದರ ಅಂಚಿಗೆ ಒಂದು ಸುತ್ತು ಬಿಗಿಯಾಗಿ ಸುತ್ತಿ, ತುದಿ ಸೇರುವಲ್ಲಿ ಕತ್ತರಿಸಿ. ಕೈಗೆ ಬಂದದ್ದು ತಟ್ಟೆಯ ಪರಿಧಿಯಷ್ಟೇ ಉದ್ದದ ದಾರ. ಅದನ್ನು ತಟ್ಟೆಯ ನಡುಮಧ್ಯಕ್ಕೆ ಅಡ್ಡಲಾಗಿ ಹಿಡಿಯಿರಿ. ಅಂಚಿನಿಂದ ಅಂಚಿಗೆ ಒಂದು ಸಲ ಆಯಿತು. ಉಳಿದ ದಾರದಿಂದ ಎರಡನೇ ಸಲ. ಮತ್ತೆ ಮೂರನೇ ಸಲ. ಇಷ್ಟಾದರೂ ಕೈಯಲ್ಲಿ ಒಂದು ಪುಟ್ಟ ಬಾಲ ಉಳಿಯುತ್ತದೆ.

ಆ ಬಾಲವನ್ನು ಎಸೆಯಬೇಡಿ! ನಿಮ್ಮ ತಟ್ಟೆಯ ವ್ಯಾಸ 28 ಸೆಂ.ಮೀ. ಇದ್ದರೆ ಬಾಲ ಹೆಚ್ಚುಕಡಿಮೆ 4 ಸೆಂ.ಮೀ. ಇರುತ್ತದೆ. 7 ಸೆಂ.ಮೀ. ಅಗಲದ ಲೋಟಕ್ಕೆ ಸುತ್ತಿದರೆ ಬಾಲ 1 ಸೆಂ.ಮೀ. ಎರಡರಲ್ಲೂ ಅದು ವ್ಯಾಸದ ಏಳರಲ್ಲೊಂದು ಪಾಲು. ಡಬ್ಬದ ಮುಚ್ಚಳ, ಬಕೆಟ್ಟಿನ ಬಾಯಿ, ಸೈಕಲ್ ಚಕ್ರ, ಯಾವುದನ್ನು ಬೇಕಾದರೂ ಅಳೆಯಿರಿ. ಮೂರು ವ್ಯಾಸ, ಮೇಲೊಂದು ಚಿಕ್ಕ ಬಾಲ. ಚಿಕ್ಕ ವೃತ್ತವನ್ನು ಹಿಗ್ಗಿಸಿದರೆ ವ್ಯಾಸವೂ ಪರಿಧಿಯೂ ಒಟ್ಟಿಗೇ ಹಿಗ್ಗುತ್ತವೆ, ಹಾಗಾಗಿ ಅವುಗಳ ನಂಟು ಬದಲಾಗುವುದಿಲ್ಲ.

ಮೂರಕ್ಕೇ ಯಾಕೆ ನಿಲ್ಲಲಿಲ್ಲ, ಈ ಬಾಲ ಎಲ್ಲಿಂದ ಬಂತು ಅಂತ ನಿಮಗೆ ಅನ್ನಿಸಿರಬಹುದು. ಅದಕ್ಕೂ ಕೈವಾರವೇ ಉತ್ತರ ಕೊಡುತ್ತದೆ. ವೃತ್ತ ಎಳೆದ ಮೇಲೆ ಕೈವಾರದ ಅಂತರ ಬದಲಿಸದೆ, ಮುಳ್ಳನ್ನು ಗೆರೆಯ ಮೇಲೆಯೇ ಇಟ್ಟು ಒಂದು ಗುರುತು ಹಾಕಿ. ಆ ಗುರುತಿಗೆ ಮುಳ್ಳನ್ನು ಸರಿಸಿ ಮತ್ತೊಂದು ಗುರುತು ಹಾಕಿ. ಹೀಗೆ ಹೆಜ್ಜೆ ಹಾಕುತ್ತಾ ಹೋದರೆ ಆರನೇ ಹೆಜ್ಜೆಗೆ ಹೊರಟ ಜಾಗಕ್ಕೇ ಕರಾರುವಾಕ್ಕಾಗಿ ಬಂದು ನಿಲ್ಲುತ್ತೀರಿ. ಆರು ಎಸಳಿನ ಹೂ ಬಿಡಿಸುವಾಗ ಇದನ್ನು ನೀವು ಮಾಡಿಯೇ ಇರುತ್ತೀರಿ.

ಆ ಆರು ಗುರುತುಗಳನ್ನು ಸ್ಕೇಲಿನಿಂದ ಸೇರಿಸಿ. ಪ್ರತಿಯೊಂದು ನೇರ ಗೆರೆಯೂ ಒಂದು ತ್ರಿಜ್ಯದಷ್ಟು ಉದ್ದ. ಆರು ತ್ರಿಜ್ಯ ಅಂದರೆ ಮೂರು ವ್ಯಾಸ. ಆದರೆ ವೃತ್ತದ ಗೆರೆ ನೋಡಿ, ಪ್ರತಿ ನೇರ ಗೆರೆಯ ಹೊರಗೂ ಸ್ವಲ್ಪ ಉಬ್ಬಿಕೊಂಡು ಹೋಗಿದೆ. ಬಳಸಿ ಹೋದ ದಾರಿ ನೇರ ದಾರಿಗಿಂತ ಉದ್ದವೇ ತಾನೇ? ಆ ಆರು ಉಬ್ಬುಗಳ ಹೆಚ್ಚಳವೆಲ್ಲ ಒಟ್ಟು ಸೇರಿ ನಿಮ್ಮ ಕೈಯ ಬಾಲವಾಯಿತು.

ಈ ಬಾಲದ ಉದ್ದವನ್ನು ಸರಿಯಾಗಿ ಹಿಡಿಯಲು ದೊಡ್ಡ ದೊಡ್ಡವರು ಒದ್ದಾಡಿದ್ದಾರೆ. ಎರಡು ಸಾವಿರ ವರ್ಷಗಳಿಗೂ ಹಿಂದೆ ಸಿರಕ್ಯೂಸ್ ಪಟ್ಟಣದ ಆರ್ಕಿಮಿಡೀಸ್ ಆರು ಗೆರೆಗಳನ್ನು 12 ಮಾಡಿದ, 24 ಮಾಡಿದ, 48, ಕೊನೆಗೆ 96 ಮಾಡಿದ. ಗೆರೆಗಳು ಹೆಚ್ಚಿದಷ್ಟೂ ಅವು ವೃತ್ತಕ್ಕೆ ಹತ್ತಿರ ಹತ್ತಿರ ಬರುತ್ತವೆ. ಪರಿಧಿ ವ್ಯಾಸದ ಮೂರೂ ಏಳರಲ್ಲೊಂದು ಪಾಲಿಗಿಂತ, ಅಂದರೆ 22/7ಕ್ಕಿಂತ, ತುಸುವೇ ಕಡಿಮೆ ಎಂದು ಅವನು ತೋರಿಸಿಕೊಟ್ಟ.

ನಮ್ಮಲ್ಲಿ ಆರ್ಯಭಟ 499ನೇ ಇಸವಿಯಲ್ಲಿ, ವ್ಯಾಸ 20,000 ಆದರೆ ಪರಿಧಿ ಸುಮಾರು 62,832 ಎಂದ. ಭಾಗಿಸಿ ನೋಡಿದರೆ 3.1416. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದ ನಮ್ಮ ಕನ್ನಡನಾಡಿನಲ್ಲಿ, ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ ಬರೆದ. ಒರಟು ಲೆಕ್ಕಕ್ಕೆ 3 ಸಾಕು, ಸೂಕ್ಷ್ಮ ಬೇಕಾದರೆ ಸುಮಾರು 3.16 ಬರುವ ಒಂದು ಸಂಖ್ಯೆ ಎಂದ. ಭಾಸ್ಕರಾಚಾರ್ಯ 1150ರ ‘ಲೀಲಾವತಿ’ಯಲ್ಲಿ ಸೂಕ್ಷ್ಮಕ್ಕೆ 3927/1250, ದಿನಬಳಕೆಗೆ 22/7 ಎಂದು ಎರಡನ್ನೂ ಕೊಟ್ಟ. ನಾವು ಈಗ ಆ ಸಂಖ್ಯೆಯನ್ನು ‘ಪೈ’ ಎನ್ನುತ್ತೇವೆ. ಅದರ ದಶಮಾಂಶಗಳು 3.14159 ಎಂದು ಶುರುವಾಗಿ ಎಲ್ಲಿಯೂ ಮುಗಿಯುವುದಿಲ್ಲ. ನಮ್ಮ ಬಳೆಗೆ 22/7 ಧಾರಾಳವಾಯಿತು.

ಬಳೆ ಅಂದ ಮೇಲೆ ಬಳೆ ಅಂಗಡಿಗೂ ಹೋಗಿ ಬರೋಣ. ಅಲ್ಲಿ ಅಮ್ಮ ‘ಎರಡು-ನಾಲ್ಕು ಕೊಡಿ’, ‘ಎರಡು-ಆರು ಕೊಡಿ’ ಅನ್ನುವುದನ್ನು ಕೇಳಿದ್ದೀರಲ್ಲ? ಅದು ಬಳೆಯ ಒಳ ವ್ಯಾಸದ ಲೆಕ್ಕ. ಒಂದು ಇಂಚನ್ನು 16 ಪಾಲು ಮಾಡಿಕೊಳ್ಳಿ. ಎರಡು-ನಾಲ್ಕು ಅಂದರೆ 2 ಇಂಚಿನ ಮೇಲೆ ಅಂಥ 4 ಪಾಲು, ಸುಮಾರು 57 ಮಿಲಿಮೀಟರ್. ಎರಡು-ಆರು ಅಂದರೆ 2 ಇಂಚಿನ ಮೇಲೆ 6 ಪಾಲು, ಸುಮಾರು 60 ಮಿಲಿಮೀಟರ್.

ಇವುಗಳ ಪರಿಧಿ ಲೆಕ್ಕ ಹಾಕಿದರೆ ಒಂದು ಸೊಗಸು ಕಾಣುತ್ತದೆ. ಎರಡು-ಎರಡರ ಒಳಸುತ್ತು ಸುಮಾರು 17 ಸೆಂ.ಮೀ., ಎರಡು-ನಾಲ್ಕರದ್ದು 18, ಎರಡು-ಆರರದ್ದು 19, ಎರಡು-ಎಂಟರದ್ದು 20. ಒಂದೊಂದು ಅಳತೆ ಮೇಲೇರಿದಾಗ ವ್ಯಾಸ ಹೆಚ್ಚುವುದು 3 ಮಿಲಿಮೀಟರಿಗಿಂತ ಒಂದು ಚೂರು ಜಾಸ್ತಿ ಮಾತ್ರ. ಪರಿಧಿ ಅದರ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚು, ಅಂದರೆ ಸರಿಸುಮಾರು 1 ಸೆಂ.ಮೀ. ಹೆಬ್ಬೆರಳನ್ನು ಅಂಗೈ ಒಳಗೆ ಮಡಚಿ, ಬೆರಳಿನ ಗೆಣ್ಣುಗಳ ಮೇಲೆ ದಾರ ಸುತ್ತಿ ಅಳೆಯಿರಿ. 18 ಸೆಂ.ಮೀ. ಬಂದರೆ ನಿಮ್ಮ ಅಳತೆ ಎರಡು-ನಾಲ್ಕರ ಆಸುಪಾಸು.

ಈಗ ಚೂರಿಗೆ, ಅಂದರೆ ಕಂಸಕ್ಕೆ ಬರೋಣ. ಕೇಂದ್ರದಲ್ಲಿ ನೀವು ನಿಂತಿದ್ದೀರಿ, ಸುತ್ತ ಬಳೆ ಇದೆ ಎಂದುಕೊಳ್ಳಿ. ನಿಂತಲ್ಲೇ ಪೂರ್ತಿ ಒಂದು ಸುತ್ತು ತಿರುಗಿದರೆ 360 ಡಿಗ್ರಿ, ಕಣ್ಣು ಇಡೀ ಪರಿಧಿಯನ್ನು ನೋಡಿ ಬಂತು. ಅರ್ಧ ತಿರುಗಿದರೆ 180 ಡಿಗ್ರಿ, ಅರ್ಧ ಪರಿಧಿ. ಆರರಲ್ಲಿ ಒಂದು ಪಾಲು ತಿರುಗಿದರೆ 60 ಡಿಗ್ರಿ, ಪರಿಧಿಯ ಆರರಲ್ಲಿ ಒಂದು ಪಾಲು.

ಕಂಸದ ಗುಟ್ಟು ಇಷ್ಟೇ. ಸುತ್ತಿನ ಎಷ್ಟು ಪಾಲು ತಿರುಗಿದಿರೋ, ಪರಿಧಿಯ ಅಷ್ಟೇ ಪಾಲು ಕಂಸ. ಎರಡು-ನಾಲ್ಕರ ಬಳೆಯ 18 ಸೆಂ.ಮೀ. ಸುತ್ತಿನಲ್ಲಿ 60 ಡಿಗ್ರಿಯ ಚೂರು 3 ಸೆಂ.ಮೀ., 20 ಡಿಗ್ರಿಯ ಚೂರು 1 ಸೆಂ.ಮೀ. ಇದನ್ನು ತಿರುಗಿಸಿಯೂ ಹೇಳಬಹುದು. ಚೂರು 3 ಸೆಂ.ಮೀ. ಇದೆ, ಅದು 60 ಡಿಗ್ರಿಯದು ಎಂದು ಗೊತ್ತಾದರೆ, ಆರರಿಂದ ಗುಣಿಸಿದ ಕೂಡಲೇ ಇಡೀ ಬಳೆಯ ಪರಿಧಿ ಸಿಕ್ಕಿತು.

ಒಂದೇ ತೊಡಕು, ಚೂರಿನಲ್ಲಿ ಕೇಂದ್ರವೇ ಇಲ್ಲ. ಕೇಂದ್ರವಿಲ್ಲದೆ ಡಿಗ್ರಿ ಅಳೆಯುವುದು ಹೇಗೆ? ಕಾಗದ ಮಡಚಿ ಅದನ್ನು ಹುಡುಕಿ ತರೋಣ. ಬೆಳಕಿಗೆ ಹಿಡಿದರೆ ಗೆರೆ ಆಚೆಗೂ ಕಾಣುವಂಥ ತೆಳು ಕಾಗದ ತೆಗೆದುಕೊಳ್ಳಿ. ಚೂರನ್ನು ಅದರ ಮೇಲಿಟ್ಟು ಒಳ ಅಂಚನ್ನು ಪೆನ್ಸಿಲಿನಿಂದ ಎಳೆದುಕೊಳ್ಳಿ. ಗೆರೆಯ ಮೇಲೆ ಮೂರು ಚುಕ್ಕಿ ಇಡಿ. ಎರಡು ತುದಿಗಳಲ್ಲಿ ಕ ಮತ್ತು ಗ, ನಡುವೆ ಖ.

ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಕ ಚುಕ್ಕಿ ಸರಿಯಾಗಿ ಖ ಚುಕ್ಕಿಯ ಮೇಲೆ ಕೂರುವಂತೆ ಮಡಚಿ. ಉಗುರಿನಿಂದ ಒತ್ತಿ ಬಿಡಿಸಿ. ಒಂದು ಮಡಿಕೆಗೆರೆ ಬಂತು. ಹಾಗೆಯೇ ಖ ಚುಕ್ಕಿಯ ಮೇಲೆ ಗ ಕೂರುವಂತೆ ಮಡಚಿ ಬಿಡಿಸಿ. ಇನ್ನೊಂದು ಮಡಿಕೆಗೆರೆ. ಎರಡು ಗೆರೆಗಳನ್ನೂ ಸ್ಕೇಲು ಇಟ್ಟು ಮುಂದುವರಿಸಿದರೆ ಒಂದು ಕಡೆ ಸೇರುತ್ತವೆ. ಅದೇ ಕೇಂದ್ರ! ಕೈವಾರದ ಮುಳ್ಳನ್ನು ಅಲ್ಲಿಟ್ಟು ಕಾಲು ತಿರುಗಿಸಿ, ಮಾಯವಾಗಿದ್ದ ಬಳೆ ಕಾಗದದ ಮೇಲೆ ಪೂರ್ತಿಯಾಗಿ ಬಂದು ಕೂರುತ್ತದೆ.

ಇದು ಮಂತ್ರವಲ್ಲ. ಕ ಮತ್ತು ಖ ಒಂದರ ಮೇಲೊಂದು ಕೂತಾಗ, ಮಡಿಕೆಯ ಮೇಲಿನ ಯಾವ ಜಾಗವೂ ಆ ಎರಡು ಚುಕ್ಕಿಗಳಿಗೆ ಸಮಾನ ದೂರದಲ್ಲಿರುತ್ತದೆ. ಕೇಂದ್ರವೂ ಎಲ್ಲ ಚುಕ್ಕಿಗಳಿಗೆ ಸಮಾನ ದೂರದಲ್ಲಿದೆ ಎಂದು ಆಗಲೇ ಹೇಳಿದೆನಲ್ಲ? ಹಾಗಾದರೆ ಅದು ಮೊದಲ ಮಡಿಕೆಯ ಮೇಲೆ ಇರಲೇಬೇಕು. ಎರಡನೇ ಮಡಿಕೆಯ ಮೇಲೂ ಇರಲೇಬೇಕು. ಎರಡರ ಮೇಲೂ ಇರುವ ಜಾಗ ಒಂದೇ ಒಂದು.

ಮಡಚಲು ಬೇಸರವಾದರೆ ಸ್ಕೇಲಿನ ದಾರಿಯೂ ಇದೆ. ಆರ್ಯಭಟನ ಪುಸ್ತಕದಲ್ಲಿ ಇದರ ಸೂತ್ರ ಬರುತ್ತದೆ. ಕಂಸದ ಎರಡು ತುದಿಗಳನ್ನು ನೇರ ಗೆರೆಯಿಂದ ಸೇರಿಸಿ. ಅದರ ಉದ್ದ 40 ಮಿಲಿಮೀಟರ್ ಎನ್ನೋಣ. ಗೆರೆಯ ನಡುವಿನಿಂದ ಕಂಸದ ಉಬ್ಬಿಗೆ ಎತ್ತರ ಅಳೆಯಿರಿ. ಅದು 8 ಮಿಲಿಮೀಟರ್ ಎನ್ನೋಣ. ಉದ್ದದ ಅರ್ಧ 20. ಅದನ್ನು ಅದರಿಂದಲೇ ಗುಣಿಸಿದರೆ 400. ಎತ್ತರದಿಂದ, ಅಂದರೆ 8ರಿಂದ ಭಾಗಿಸಿದರೆ 50. ಅದಕ್ಕೆ ಆ ಎತ್ತರವನ್ನೇ ಕೂಡಿಸಿದರೆ 58. ಬಳೆಯ ವ್ಯಾಸ ಸುಮಾರು 58 ಮಿಲಿಮೀಟರ್! ಅಂಗಡಿಯ ಪಟ್ಟಿಯಲ್ಲಿ ಇದಕ್ಕೆ ಹತ್ತಿರದ್ದು ಎರಡು-ನಾಲ್ಕು. ಎತ್ತರ ಅಳೆಯುವಾಗ ಮಾತ್ರ ಕಣ್ಣು ಚುರುಕಾಗಿರಲಿ. ಅರ್ಧ ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಎರಡು-ನಾಲ್ಕು ಹೋಗಿ ಬೇರೆ ಅಳತೆ ಬಂದೀತು.

ಚೂರು ಇಷ್ಟೆಲ್ಲ ಹೇಳಲು ಕಾರಣ, ವೃತ್ತ ಎಲ್ಲ ಕಡೆಯೂ ಒಂದೇ ಸಮನೆ ಬಾಗುತ್ತದೆ. ಕೋಳಿಮೊಟ್ಟೆಯನ್ನು ನೆನೆಸಿಕೊಳ್ಳಿ. ಅದರ ತುದಿ ಚುರುಕಾಗಿ ಬಾಗಿದೆ, ಹೊಟ್ಟೆ ನಿಧಾನವಾಗಿ ಬಾಗಿದೆ. ತುದಿಯ ಸಿಪ್ಪೆಯ ಚೂರು ನೋಡಿದವರು ಇದು ಪುಟ್ಟ ಮೊಟ್ಟೆ ಎಂದಾರು, ಹೊಟ್ಟೆಯ ಚೂರು ನೋಡಿದವರು ದೊಡ್ಡ ಮೊಟ್ಟೆ ಎಂದಾರು. ವೃತ್ತದಲ್ಲಿ ಈ ಜಗಳವೇ ಇಲ್ಲ. ಯಾವ ಚೂರನ್ನು ಕೇಳಿದರೂ ಒಂದೇ ಉತ್ತರ.

ನೆಲ ಅಗೆದು ಹಳೆಯ ಕಾಲವನ್ನು ಹುಡುಕುವ ಪುರಾತತ್ವಜ್ಞರಿಗೆ ಇದು ದಿನದ ಕೆಲಸ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಗೆಸಿದಂಥ ಜಾಗಗಳಲ್ಲಿ ಮಡಕೆ ಚೂರುಗಳು ರಾಶಿ ರಾಶಿ ಸಿಗುತ್ತವೆ, ಇಡೀ ಮಡಕೆ ಅಪರೂಪ. ಒಂದೇ ಕೇಂದ್ರದ ಸುತ್ತ ಒಂದರ ಹೊರಗೊಂದು ವೃತ್ತ ಎಳೆದ ಹಾಳೆ ಪುರಾತತ್ವಜ್ಞರ ಬಳಿ ಇರುತ್ತದೆ. ಮಡಕೆಯ ಬಾಯಂಚಿನ ಚೂರನ್ನು ಅದರ ಮೇಲಿಟ್ಟು ಸರಿಸುತ್ತಾ ಹೋಗುತ್ತಾರೆ. ಯಾವ ವೃತ್ತಕ್ಕೆ ಅದು ಅಂಟಿದ ಹಾಗೆ ಕೂರುತ್ತದೋ ಅದೇ ಮಡಕೆಯ ಬಾಯಿಯ ಅಳತೆ.

ಇನ್ನು ದೊಡ್ಡ ಚೂರೊಂದಕ್ಕೆ ಬರೋಣ. ನಾವು ನಿಂತ ನೆಲವೂ ಒಂದು ಕಂಸವೇ, ಭೂಮಿಯ ಸುತ್ತಿನ ಒಂದು ಚೂರು. ಸುಮಾರು 2,200 ವರ್ಷಗಳ ಹಿಂದೆ ಈಜಿಪ್ಟಿನ ಅಲೆಕ್ಸಾಂಡ್ರಿಯದ ಗ್ರಂಥಾಲಯವನ್ನು ನೋಡಿಕೊಳ್ಳುತ್ತಿದ್ದ ಎರಟೋಸ್ತನೀಸ್ ಈ ಚೂರನ್ನು ಮಾತಾಡಿಸಿದ. ದಕ್ಷಿಣದ ಸಯೀನ್ ಎಂಬ ಊರಿನಲ್ಲಿ, ಅಂದರೆ ಇಂದಿನ ಅಸ್ವಾನ್‌ನಲ್ಲಿ, ವರ್ಷದ ಅತಿ ದೀರ್ಘ ಹಗಲಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೇ ಬರುತ್ತಾನೆ, ನೆಟ್ಟ ಕೋಲಿಗೆ ನೆರಳಿರುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಅದೇ ಹೊತ್ತಿನಲ್ಲಿ ಅಲೆಕ್ಸಾಂಡ್ರಿಯದಲ್ಲಿ ಮಾತ್ರ ನೆರಳು ಬೀಳುತ್ತಿತ್ತು.

ಒಂದು ವೃತ್ತ ಎಳೆದು, ಅದರ ಮೇಲೆ ಹೊರಮುಖವಾಗಿ ಎರಡು ಕೋಲು ನೆಟ್ಟಂತೆ ಬರೆಯಿರಿ. ಕೋಲುಗಳನ್ನು ಒಳಕ್ಕೆ ಬೆಳೆಸಿದರೆ ಎರಡೂ ಕೇಂದ್ರದಲ್ಲಿ ಸೇರುತ್ತವೆ. ಸೂರ್ಯ ತುಂಬಾ ದೂರ ಇರುವುದರಿಂದ ಅವನ ಕಿರಣಗಳು ಎರಡೂ ಊರಿಗೆ ಒಂದೇ ದಿಕ್ಕಿನಲ್ಲಿ, ಸಮಾನಾಂತರವಾಗಿ ಬರುತ್ತವೆ. ಸಯೀನಿನ ಕೋಲು ಕಿರಣದ ನೇರಕ್ಕೇ ನಿಂತಿದೆ. ಅಲೆಕ್ಸಾಂಡ್ರಿಯದ ಕೋಲು ಕಿರಣಕ್ಕೆ ಎಷ್ಟು ಓರೆಯಾಗಿದೆಯೋ, ಕೇಂದ್ರದಲ್ಲಿ ಎರಡು ಕೋಲುಗಳ ನಡುವೆ ಅಷ್ಟೇ ಡಿಗ್ರಿ. ಭೂಮಿಯ ಕೇಂದ್ರಕ್ಕೆ ಯಾರೂ ಇಳಿದು ಹೋಗಬೇಕಾಗಿಲ್ಲ, ಅಲ್ಲಿನ ಕೋನವನ್ನು ನೆರಳು ಮೇಲೆಯೇ ತೋರಿಸಿಬಿಡುತ್ತದೆ!

ಆ ಓರೆ ಸುಮಾರು 7.2 ಡಿಗ್ರಿ, ಪೂರ್ತಿ ಸುತ್ತಿನ 50ರಲ್ಲಿ ಒಂದು ಪಾಲು. ಹಾಗಾದರೆ ಎರಡು ಊರುಗಳ ನಡುವಿನ ದೂರವೂ ಭೂಮಿಯ ಪರಿಧಿಯ 50ರಲ್ಲಿ ಒಂದು ಪಾಲು. ಆ ದೂರ ನಮ್ಮ ಲೆಕ್ಕದಲ್ಲಿ ಸುಮಾರು 800 ಕಿ.ಮೀ. 50ರಿಂದ ಗುಣಿಸಿ ನೋಡಿ, 40,000 ಕಿ.ಮೀ. ಇಂದು ಉಪಗ್ರಹಗಳು ಹೇಳುವ ಲೆಕ್ಕವೂ ಇದರ ಪಕ್ಕದಲ್ಲೇ ಇದೆ.

ನಮ್ಮ ದೇಶದಲ್ಲೂ ಇಂಥದೊಂದು ಸಾಹಸ ನಡೆಯಿತು. 1802ರಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ತಿರ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿ ಸುಮಾರು 12 ಕಿ.ಮೀ. ಉದ್ದದ ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದ. ಅಳತೆ ಸರಿ ಬಂದಿದೆಯೇ ಎಂದು ನೋಡಲು 1804ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಗೆರೆ ಅಳೆಸಿದ. ಅಲ್ಲಿಂದ ಮುಂದೆ ಸರಪಳಿ ಎಳೆಯುವ ಕೆಲಸ ಕಡಿಮೆ. ಸುಮಾರು ಅರ್ಧ ಟನ್ ತೂಕದ, ಕೋನ ಅಳೆಯುವ ಯಂತ್ರವನ್ನು ಬೆಟ್ಟ, ಗೋಪುರಗಳ ಮೇಲೆ ಹೊರಿಸಿ, ತ್ರಿಕೋನದ ಪಕ್ಕ ತ್ರಿಕೋನ ಕಟ್ಟುತ್ತಾ ದೂರವನ್ನು ಲೆಕ್ಕದಲ್ಲೇ ಹಿಡಿದರು. ಲ್ಯಾಂಬ್ಟನ್ 1823ರಲ್ಲಿ ತೀರಿಕೊಂಡ ಮೇಲೆ ಜಾರ್ಜ್ ಎವರೆಸ್ಟ್ ಕೆಲಸ ಮುಂದುವರಿಸಿದ. ದಕ್ಷಿಣದ ತುದಿಯಿಂದ ಹಿಮಾಲಯದ ತಪ್ಪಲಿನವರೆಗೆ ಅಳೆದ ಆ ಗೆರೆಗೆ ಮಹಾ ಕಂಸ ಎಂದೇ ಹೆಸರಾಯಿತು.

ಇಷ್ಟು ದೊಡ್ಡ ಕಂಸಗಳನ್ನು ಬೇರೆ ಬೇರೆ ದೇಶಗಳಲ್ಲಿ ಅಳೆದಾಗ ಒಂದು ತಮಾಷೆ ಕಂಡಿತು. ಭೂಮಧ್ಯರೇಖೆಯ ಹತ್ತಿರ ಉತ್ತರ ದಕ್ಷಿಣವಾಗಿ ಒಂದು ಡಿಗ್ರಿಯ ಕಂಸ ಸುಮಾರು 110.6 ಕಿ.ಮೀ., ಧ್ರುವದ ಹತ್ತಿರ ಸುಮಾರು 111.7 ಕಿ.ಮೀ. ಚೂರುಗಳು ಒಂದೇ ಉತ್ತರ ಕೊಡುತ್ತಿಲ್ಲ! ಹಾಗೆಂದರೆ ಭೂಮಿ ಎಲ್ಲ ಕಡೆ ಒಂದೇ ಸಮನೆ ಬಾಗಿಲ್ಲ, ಧ್ರುವಗಳಲ್ಲಿ ಒಂದಿಷ್ಟು ಚಪ್ಪಟೆಯಾಗಿದೆ. ಭೂಮಧ್ಯರೇಖೆಯ ಮೇಲೆ ಸುತ್ತಿದರೆ 40,075 ಕಿ.ಮೀ., ಧ್ರುವಗಳನ್ನು ಹಾದು ಸುತ್ತಿದರೆ 40,008 ಕಿ.ಮೀ. ಚೂರುಗಳ ಉತ್ತರ ಒಂದೇ ಆಗಿದ್ದರೆ ಇಡೀ ವಸ್ತು ಎಷ್ಟು ದೊಡ್ಡದೆಂದು ತಿಳಿಯುತ್ತದೆ, ಬೇರೆಯಾದರೆ ಅದರ ಆಕಾರವೂ ತಿಳಿಯುತ್ತದೆ.

ಕೊನೆಗೆ ನಿಮಗೊಂದು ಲೆಕ್ಕ ಬಿಟ್ಟು ಹೋಗುತ್ತೇನೆ. ಭೂಮಧ್ಯರೇಖೆಯ ಉದ್ದಕ್ಕೂ ನೆಲಕ್ಕೆ ತಾಗುವ ಹಾಗೆ ಬಿಗಿಯಾಗಿ ಒಂದು ಹಗ್ಗ ಸುತ್ತಿದ್ದೇವೆ ಎಂದುಕೊಳ್ಳಿ, 40,075 ಕಿ.ಮೀ. ಉದ್ದದ ಹಗ್ಗ. ಅದಕ್ಕೆ ಇನ್ನು ಒಂದೇ ಒಂದು ಮೀಟರ್ ಸೇರಿಸಿ ಗಂಟು ಹಾಕಿ, ಎಲ್ಲ ಕಡೆಯೂ ನೆಲದಿಂದ ಸಮಾನವಾಗಿ ಮೇಲೆತ್ತಿದರೆ, ಅದರ ಕೆಳಗೆ ಯಾರು ನುಸುಳಬಹುದು? ಇರುವೆಯೇ, ಇಲಿಯೇ, ಬೆಕ್ಕೇ? ಮೊದಲು ನಿಮ್ಮ ಊಹೆಯನ್ನು ಪುಸ್ತಕದಲ್ಲಿ ಬರೆದಿಡಿ. ಆಮೇಲೆ, ಬಳೆಯ ಪರಿಧಿ 1 ಸೆಂ.ಮೀ. ಹೆಚ್ಚಿದಾಗ ವ್ಯಾಸ ಎಷ್ಟು ಹೆಚ್ಚಿತ್ತು ಎಂದು ನೋಡಿಕೊಂಡು ಲೆಕ್ಕ ಹಾಕಿ. ಅಪ್ಪ ಅಮ್ಮನಿಗೂ ಕೇಳಿ, ಉತ್ತರ ಮಾತ್ರ ಬೇಗ ಹೇಳಿಬಿಡಬೇಡಿ.